ಓಡಿಕಲೋನಿನ ಆಯುಷ್ಯ

ನಮ್ಮ ಮನೆಗಳಲ್ಲಿ ಅದಕ್ಕಿದ್ದ ಹೆಸರು ಓಡಿಕಲೋನ್. ಜ್ವರ ಏರಿದಾಗ ಹಣೆಯ ಒದ್ದೆ ಪಟ್ಟಿಗೆ ನಾಲ್ಕು ಹನಿ ಹಾಕಿದರೆ ಮಲಗಿದವರಿಗೂ ಹಿತ, ಪಕ್ಕದಲ್ಲಿ ಕೂತವರಿಗೂ ಹಿತ. ಕಪಾಟಿನಲ್ಲಿ ಅದರ ಜಾಗ ಪೌಡರಿನ ಪಕ್ಕದಲ್ಲಿರಲಿಲ್ಲ, ಔಷಧಿಗಳ ಸಾಲಿನಲ್ಲಿತ್ತು. ಆ ಜಾಗಕ್ಕೂ ಒಂದು ಇತಿಹಾಸವಿದೆ.

ಹೆಸರಿನ ಅರ್ಥ ಕೊಲೋನ್ ಪಟ್ಟಣದ ನೀರು. ಮಾಡಿದವನು ಮಾತ್ರ ಜರ್ಮನಿಯವನಲ್ಲ, 1685ರಲ್ಲಿ ಇಟಲಿಯ ಆಲ್ಪ್ಸ್ ಸೀಮೆಯ ಸಾಂತಾ ಮರಿಯಾ ಮಜ್ಜೋರೆ ಎಂಬ ಊರಿನಲ್ಲಿ ಹುಟ್ಟಿದ ಯೋಹಾನ್ ಮರಿಯಾ ಫರೀನಾ. ಅಣ್ಣ ದುಡಿಮೆಗೆಂದು ಊರು ಬಿಟ್ಟು 1709ರಲ್ಲಿ ಕೊಲೋನಿನಲ್ಲಿ ಅಂಗಡಿ ತೆರೆದ. ಆಮೇಲೆ ತಮ್ಮನೂ ಬಂದು ಸೇರಿದ. ಮುಂಬಯಿಯಲ್ಲಿ ಕೂತು ಬರೆಯುವ ನನಗೆ ಈ ಕಥೆಯ ದಾರಿ ಚೆನ್ನಾಗಿ ಗೊತ್ತು. ತಾನು ಕಂಡುಕೊಂಡ ಪರಿಮಳದಲ್ಲಿ ಮಳೆ ನಿಂತ ಇಟಲಿಯ ವಸಂತದ ಬೆಳಗಿದೆ, ಕಿತ್ತಳೆ ಹೂವಿದೆ ಎಂದು 1708ರಲ್ಲಿ ಅವನು ಅಣ್ಣನಿಗೆ ಕಾಗದ ಬರೆದಿದ್ದ. ಬಿಟ್ಟ ನೆಲವನ್ನು ಸೀಸೆಯಲ್ಲಿ ಹಿಡಿದಿಟ್ಟು, ಹೆಸರು ಮಾತ್ರ ಬಂದು ಸೇರಿದ ಊರಿನದನ್ನೇ ಇಟ್ಟನಲ್ಲ, ಅದು ನನಗೆ ಬಹಳ ಇಷ್ಟವಾದ ಸಂಗತಿ.

ಆಗ ಅದನ್ನು ಮೈಗೆ ಹಚ್ಚುತ್ತಿದ್ದರು, ಮದ್ದೆಂದು ಕುಡಿಯುತ್ತಲೂ ಇದ್ದರು. 1810ರಲ್ಲಿ ನೆಪೋಲಿಯನ್ ಸರಕಾರ ಗುಟ್ಟಿನ ಔಷಧಿಗಳ ತಯಾರಿಕೆಯ ವಿವರವನ್ನು ಬಹಿರಂಗ ಮಾಡಬೇಕೆಂದು ಆಜ್ಞೆ ಹೊರಡಿಸಿತು. ಗುಟ್ಟು ಬಿಡಲು ಯಾರಿಗೆ ಮನಸ್ಸು ಬಂದೀತು? ಕೊಲೋನಿನ ತಯಾರಕರು ಇದು ಮದ್ದಲ್ಲ, ಬರೀ ಸುಗಂಧ ಎಂದುಬಿಟ್ಟರು. ನಮ್ಮ ಮನೆಗಳಿಗೆ ಆ ಸುದ್ದಿ ತಲುಪಲೇ ಇಲ್ಲ!

ಗುಟ್ಟು ಉಳಿದರೂ ಹೆಸರು ಉಳಿಯಲಿಲ್ಲ. ವಿಲ್ಹೆಲ್ಮ್ ಮ್ಯೂಲೆನ್ಸ್ ಎಂಬವನು ಈ ಮನೆತನಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬ ಫರೀನಾನಿಂದ ಹೆಸರಿನ ಹಕ್ಕು ಕೊಂಡ. ಕೊಂಡು ತಾನೊಬ್ಬನೇ ಬಳಸಲಿಲ್ಲ, ಹತ್ತಾರು ಜನರಿಗೆ ಮಾರಿದ. ಕೋರ್ಟು ಕಚೇರಿಗಳ ಜಗಳ ದಶಕಗಟ್ಟಲೆ ನಡೆದು, 1881ರಲ್ಲಿ ಅವನ ವಂಶದವರು ಆ ಹೆಸರನ್ನು ಕೈಬಿಡಬೇಕಾಯಿತು. ಅವರು ಹಿಡಿದುಕೊಂಡದ್ದು ಫ್ರೆಂಚ್ ಸೈನ್ಯ ಊರು ಆಕ್ರಮಿಸಿದ್ದ ಕಾಲದಲ್ಲಿ ತಮ್ಮ ಮನೆಗೆ ಬಿದ್ದಿದ್ದ ನಂಬರನ್ನು: 4711. ಅಸಲಿಗಿಂತ ಆ ನಂಬರೇ ಜಗತ್ತಿಗೆ ಹೆಚ್ಚು ಪರಿಚಿತವಾಯಿತು.

ಇನ್ನು ಅದರ ಆಯುಷ್ಯದ ಪ್ರಶ್ನೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಲಿಮೊನೀನ್. ಅದರ ಅಣು ಹಗುರ, ಚರ್ಮದ ಬಿಸಿ ತಾಗಿದೊಡನೆ ಹಾರಿಹೋಗುತ್ತದೆ. ಗಂಧದೆಣ್ಣೆಯ ಸ್ಯಾಂಟಲಾಲ್ ಭಾರದ ಅಣು, ಕೂತಲ್ಲಿಂದ ಬೇಗ ಏಳದು. ಕನೌಜಿನ ಅತ್ತರಿನವರು ಗುಲಾಬಿಯನ್ನೂ ಕೇದಗೆಯನ್ನೂ ಗಂಧದೆಣ್ಣೆಗೇ ಇಳಿಸುತ್ತಿದ್ದುದು ಇದೇ ಕಾರಣಕ್ಕೆ. 1916ರಲ್ಲಿ ಮೈಸೂರಿನಲ್ಲಿ ಶುರುವಾದ ಸರಕಾರಿ ಗಂಧದೆಣ್ಣೆ ಕಾರ್ಖಾನೆಗೆ ಜಗತ್ತಿನ ಸುಗಂಧ ವ್ಯಾಪಾರದಲ್ಲಿ ಬೆಲೆ ಬಂದದ್ದರ ಹಿಂದೆಯೂ ಇದೇ ಗುಣವಿದೆ. ಆದರೆ ಗಂಧ ಜಾಸ್ತಿಯಾದರೆ ಕಿತ್ತಳೆ ಮುಳುಗಿತು. ಹುಳಿಹಣ್ಣಿನ ಪರಿಮಳವನ್ನು ಹಿಡಿದು ನಿಲ್ಲಿಸಬೇಕು, ಅದರ ಕತ್ತು ಹಿಸುಕಬಾರದು. ಸುಗಂಧ ಕಟ್ಟುವವರ ಕಷ್ಟವೆಲ್ಲ ಇಲ್ಲಿದೆ.

1966ರಲ್ಲಿ ಎಡ್ಮಂಡ್ ರುಡ್ನಿಟ್‌ಸ್ಕಾ ಡಿಯೋರ್ ಕಂಪನಿಗೆ ಮಾಡಿಕೊಟ್ಟ ‘ಓ ಸೋವಾಜ್’ ಒಂದು ದಾರಿ ತೋರಿಸಿತು. ನಿಂಬೆಯ ಕೆಳಗೆ ಅವನು ಹೆಡಿಯೋನ್ ಎಂಬ, ಮಲ್ಲಿಗೆಯ ಛಾಯೆಯ ವಸ್ತುವನ್ನು ಹಾಸಿದ. ಅದು ಗಾಳಿಯಂತೆ ತೆಳುವಾದರೂ ಬೇಗ ಆರದು.

2009ರಲ್ಲಿ ಸಿಲ್ವಿ ಗಾಂಟರ್, ಕ್ರಿಸ್ತೋಫ್ ಸೆರ್ವಸೆಲ್ ಎಂಬಿಬ್ಬರು ‘ಆತೆಲಿಯೇ ಕೊಲೋನ್’ ಎಂಬ ಸ್ವತಂತ್ರ ಸಂಸ್ಥೆ ಕಟ್ಟಿದರು. ಅವರ ಹಟ ನೇರವಾದದ್ದು: ಸಾಮಾನ್ಯ ಕೊಲೋನಿನಲ್ಲಿ ನೂರಕ್ಕೆ ಎರಡರಿಂದ ಐದು ಪಾಲು ಸುಗಂಧವಿದ್ದರೆ, ನಾವು ಅದರ ಹಲವು ಪಟ್ಟು ಹಾಕುತ್ತೇವೆ. ಅವರ ‘ಒರಾಂಜ್ ಸಾಂಗ್ವಿನ್’ ಕೆಂಪು ತಿರುಳಿನ ಕಿತ್ತಳೆಯ ಪರಿಮಳ. ಮುಚ್ಚಳ ತೆಗೆದರೆ ಈಗಷ್ಟೇ ಸುಲಿದ ಹಣ್ಣು, ಸಂಕೋಚವಿಲ್ಲದ ಗಟ್ಟಿ ದನಿ. ಆಮೇಲೆ ಗಂಧ ಮತ್ತು ಟೊಂಕಾ ಬೀಜ ಅದನ್ನು ಹಿಡಿದು ನಿಲ್ಲಿಸುತ್ತವೆ. ಮೂರು ಶತಮಾನದ ಕೊರತೆಗೆ ಇದು ಧೈರ್ಯದ ಉತ್ತರವೆಂದೇ ನನ್ನ ಎಣಿಕೆ.

ಪರಿಮಳ ನಿಂತಿತು, ಸಂಸ್ಥೆಯ ಸ್ವಾತಂತ್ರ್ಯ ನಿಲ್ಲಲಿಲ್ಲ. 2016ರಲ್ಲಿ ಲೊರಿಯಾಲ್ ಅದನ್ನು ಕೊಂಡಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಅಂಗಡಿಗಳಿಂದ ಆ ಸೀಸೆಗಳು ಕಾಣೆಯಾದವು. ಕೊಲೋನಿನ ಫರೀನಾ ಅಂಗಡಿಯಾದರೋ ಇನ್ನೂ ಆ ಮನೆತನದ ಕೈಯಲ್ಲೇ ಇದೆ, ಈಗ ಎಂಟನೆಯ ತಲೆಮಾರು. ಅವರ ನೀರು ಈಗಲೂ ಬೇಗನೆ ಆರಿಹೋಗುತ್ತದೆ.