ಸರಿಯಾದ ಹೆಸರೇ ಮೊದಲ ಮದ್ದು: ಸ್ನಾಯುರೋಗ ಸಂಶೋಧನೆ ನಡೆದು ಬಂದ ದಾರಿ

ಮೂವರನ್ನು ಕಲ್ಪಿಸಿಕೊಳ್ಳಿ. ಆರು ವರ್ಷದ ಹುಡುಗ ನೆಲದಿಂದ ಏಳುವಾಗ ಮೊದಲು ಮೊಣಕಾಲು, ಆಮೇಲೆ ತೊಡೆ ಹಿಡಿದು ತನ್ನ ಮೈಯನ್ನೇ ತಾನು ಹತ್ತುತ್ತಾನೆ. ಇಪ್ಪತ್ತೆರಡರ ಯುವಕನ ಮೀನಖಂಡ ಸೊರಗಿದೆ, ತುದಿಗಾಲಲ್ಲಿ ನಿಲ್ಲಲು ಆಗುತ್ತಿಲ್ಲ. ನಲವತ್ತೈದರ ಹೆಂಗಸಿಗೆ ಮೂರೇ ತಿಂಗಳಲ್ಲಿ ತಲೆ ಬಾಚಲು ಕೈ ಎತ್ತಲಾಗದಷ್ಟು ನಿಶ್ಶಕ್ತಿ. ಸ್ನಾಯು ಹಾಳಾಗುತ್ತಿರುವುದನ್ನು ಸೂಚಿಸುವ ಸಿಪಿಕೆ ಮೂವರ ರಕ್ತದಲ್ಲೂ ಏರಿದೆ. ಮೂವರಿಗೂ ಸ್ಟೀರಾಯ್ಡ್ ಕೊಟ್ಟರೆ ಏನಾಗುತ್ತದೆ? ಹುಡುಗ ಇನ್ನೂ ಒಂದಷ್ಟು ಕಾಲ ನಡೆದಾನು. ಹೆಂಗಸು ಮತ್ತೆ ತಾನೇ ಜಡೆ ಹಾಕಿಕೊಂಡಾಳು. ಯುವಕನಿಗೆ ಮಾತ್ರ ಲಾಭವಿಲ್ಲ, ಬಲ ಇನ್ನಷ್ಟು ಇಳಿಯಬಹುದು.

ಮೊದಲನೆಯದು ಡುಶೆನ್ ಸ್ನಾಯುಕ್ಷಯ, ಎರಡನೆಯದು ಡಿಸ್ಫರ್ಲಿನ್ ಕೊರತೆ, ಮೂರನೆಯದು ಡರ್ಮಟೊಮಯೋಸೈಟಿಸ್ ಎಂಬ ಉರಿಯೂತ. ಮೊದಲ ಎರಡು ಹುಟ್ಟಿನಿಂದ ಬಂದವು. ಮೂರನೆಯದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಸ್ನಾಯುವಿನ ಮೇಲೆ ತಿರುಗಿಬಿದ್ದಿದೆ. ಹೊರಗೆ ಒಂದೇ ಥರ ಕಾಣುವ ನಿಶ್ಶಕ್ತಿಯನ್ನು ಬಿಡಿಸಿ, ಒಂದೊಂದಕ್ಕೂ ಅದರದೇ ಹೆಸರು ಕೊಟ್ಟದ್ದೇ ನೂರೆಪ್ಪತ್ತು ವರ್ಷಗಳ ಈ ಸಂಶೋಧನೆಯ ದೊಡ್ಡ ಗಳಿಕೆ.

ಬರಿಗಣ್ಣಿನಿಂದ ಸೂಕ್ಷ್ಮದರ್ಶಕಕ್ಕೆ

1852ರಲ್ಲಿ ಲಂಡನ್ನಿನ ವೈದ್ಯ ಎಡ್ವರ್ಡ್ ಮೆರಿಯನ್, ಒಂದೇ ಮನೆಯ ಗಂಡುಮಕ್ಕಳು ಒಬ್ಬರ ಹಿಂದೊಬ್ಬರು ನಡಿಗೆ ಕಳೆದುಕೊಳ್ಳುವ ರೋಗದ ಬಗ್ಗೆ ಬರೆದ. ನರಗಳಲ್ಲಿ ದೋಷವಿಲ್ಲ, ಹರಿಯುತ್ತಿರುವುದು ಸ್ನಾಯುವಿನ ಎಳೆಯ ಹೊದಿಕೆ ಎಂದು ಅವನು ಆಗಲೇ ಕಂಡಿದ್ದ. ಆದರೂ ರೋಗಕ್ಕೆ ಉಳಿದದ್ದು ಪ್ಯಾರಿಸ್ಸಿನ ಗಿಯೋಮ್ ಡುಶೆನ್ ಹೆಸರು. ಬದುಕಿರುವ ರೋಗಿಯಿಂದಲೇ ಸ್ನಾಯುವಿನ ಚೂರು ತೆಗೆಯುವ ಸೂಜಿಯನ್ನು ಅವನು ರೂಪಿಸಿದ. ಇಂದಿನ ಬಯಾಪ್ಸಿಯ ಬೇರು ಅಲ್ಲಿದೆ. ಮೈ ಹತ್ತಿ ಏಳುವ ಲಕ್ಷಣಕ್ಕೆ 1879ರಲ್ಲಿ ವಿಲಿಯಂ ಗೋವರ್ಸ್ ಹೆಸರು ಅಂಟಿತು. ಉರಿಯೂತದ ಕಡೆ 1863ರಲ್ಲಿ ಜರ್ಮನಿಯ ವ್ಯಾಗ್ನರ್ ಮೊದಲ ವಿವರಣೆ ಕೊಟ್ಟ. 1891ರಲ್ಲಿ ಉನ್‌ವೆರಿಕ್ಟ್, ಚರ್ಮವೂ ಸ್ನಾಯುವೂ ಒಟ್ಟಿಗೆ ಕೆಡುವ ಕಾಯಿಲೆಯನ್ನು ಡರ್ಮಟೊಮಯೋಸೈಟಿಸ್ ಎಂದು ಕರೆದ.

ಆಮೇಲೆ ಬಹುಕಾಲ ಎಲ್ಲವೂ ನಿಧಾನ. ಸ್ನಾಯುಕ್ಷಯದಲ್ಲಿ ರಕ್ತದ ಕ್ರಿಯಾಟಿನ್ ಕೈನೇಸ್ ಏರುತ್ತದೆ ಎಂದು ಜಪಾನಿನ ಸೆತ್ಸುರೊ ಎಬಾಶಿ ತಂಡ 1959ರಲ್ಲಿ ತೋರಿಸಿತು. ನಮ್ಮ ಲ್ಯಾಬುಗಳು ಸಿಪಿಕೆ ಎಂದು ಬರೆದುಕೊಡುವ ಪರೀಕ್ಷೆ ಇದೇ. 1960ರ ದಶಕದಲ್ಲಿ ಅಮೆರಿಕದ ಕಿಂಗ್ ಎಂಗೆಲ್, ಸ್ನಾಯುವಿನ ಚೂರನ್ನು ಫಾರ್ಮಲಿನ್‌ನಲ್ಲಿ ಇಡದೆ ಕೂಡಲೇ ಘನೀಕರಿಸಿ ಕಿಣ್ವಗಳಿಗೆ ಬಣ್ಣ ಹಾಕುವ ಕ್ರಮವನ್ನು ಬಳಕೆಗೆ ತಂದರು. ಎಳೆಗಳ ಬಗೆ, ಅಂಚು ಕೆಂಪಾದ ಪೊಳ್ಳುಗಳು, ಕಟ್ಟಿನ ಅಂಚಿನಲ್ಲಷ್ಟೇ ಸೊರಗಿದ ಎಳೆಗಳು ಆಗ ಕಣ್ಣಿಗೆ ಬಿದ್ದವು.

ವಂಶವಾಹಿಯ ಕಾಲ

1986ರಲ್ಲಿ ಬಾಸ್ಟನ್ನಿನ ಲೂಯಿ ಕುಂಕೆಲ್ ತಂಡ ಡುಶೆನ್ ವಂಶವಾಹಿಯನ್ನು ಹಿಡಿಯಿತು. ಮರುವರ್ಷ ಅದು ತಯಾರಿಸುವ ಪ್ರೋಟೀನಿಗೆ ಡಿಸ್ಟ್ರೋಫಿನ್ ಎಂದು ಹೆಸರಾಯಿತು. 79 ತುಣುಕುಗಳ ಈ ವಂಶವಾಹಿ ಮನುಷ್ಯನಲ್ಲಿರುವ ಅತಿ ಉದ್ದದವುಗಳಲ್ಲೊಂದು. ಅಷ್ಟು ಉದ್ದದ ಹಗ್ಗ ಎಲ್ಲಿ ಬೇಕಾದರೂ ತುಂಡಾಗಬಹುದು. ಆದ್ದರಿಂದಲೇ ವಂಶದಲ್ಲಿ ಯಾರಿಗೂ ಇಲ್ಲದ ಮನೆಯಲ್ಲೂ ಈ ರೋಗ ಹೊಸದಾಗಿ ಕಾಣಿಸಿಕೊಳ್ಳುತ್ತದೆ. 1998ರಲ್ಲಿ ಡಿಸ್ಫರ್ಲಿನ್, 2001ರಲ್ಲಿ ಜಿಎನ್‌ಇ ವಂಶವಾಹಿ ಬೆಳಕಿಗೆ ಬಂದವು. ಜಿಎನ್‌ಇ ರೋಗದ ಎರಡು ವಿವರಣೆಗಳು, 1981ರಲ್ಲಿ ಜಪಾನಿನ ನೊನಾಕ ಬರೆದದ್ದು ಮತ್ತು 1984ರಲ್ಲಿ ಇಸ್ರೇಲಿನಿಂದ ಇರಾನಿ ಯಹೂದಿ ಮನೆತನಗಳ ಬಗ್ಗೆ ಬಂದದ್ದು, ಒಂದೇ ರೋಗದ್ದೆಂದು ಕೊನೆಗೆ ತಿಳಿಯಿತು.

ಈ ರೋಗಗಳನ್ನು ಗುರುತಿಸುವಲ್ಲಿ ಭಾರತೀಯರ ಕಣ್ಣೂ ಕೆಲಸ ಮಾಡಿದೆ. ಲಖನೌನ ಸುನಿಲ್ ಪ್ರಧಾನ್, ಡುಶೆನ್ ಮಕ್ಕಳ ಹೆಗಲ ಹಿಂದೆ ಕಾಣುವ ಕಣಿವೆಯಂಥ ತಗ್ಗನ್ನೂ, ಡಿಸ್ಫರ್ಲಿನ್ ರೋಗಿಗಳ ತೊಡೆಯ ಮೇಲೆ ಏಳುವ ವಜ್ರಾಕಾರದ ಉಬ್ಬನ್ನೂ ಗುರುತಿಸಿದರು. ಅಂಗಿ ಕಳಚಿ, ಪಂಚೆ ಸರಿಸಿ ನೋಡಿದರೆ ಸಾಕು, ಯಂತ್ರ ಬೇಡ.

ಉರಿಯೂತದ ಗುಂಪು ಒಡೆದದ್ದು

1975ರಲ್ಲಿ ಬೋಹನ್ ಮತ್ತು ಪೀಟರ್ ಕೊಟ್ಟ ಮಾನದಂಡ ಬಹುಕಾಲ ನಡೆಯಿತು. ಅದರಡಿ ಪಾಲಿಮಯೋಸೈಟಿಸ್ ಎಂಬ ಒಂದೇ ಚೀಲಕ್ಕೆ ಹಲವು ರೋಗಗಳು ಬಿದ್ದವು. ಚೀಲ ಬಿಚ್ಚಿದ್ದು ಪ್ರತಿಕಾಯಗಳು: 1980ರಲ್ಲಿ ಜೋ-1, 2005ರಲ್ಲಿ ಎಂಡಿಎ5, 2011ರಲ್ಲಿ ಎಚ್‌ಎಂಜಿಸಿಆರ್. ಕೊನೆಯದು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ತಡೆಯುವ ಕಿಣ್ವದ ವಿರುದ್ಧವೇ ಹುಟ್ಟುವ ಪ್ರತಿಕಾಯ. ಕೆಲವು ಎಳೆಯರಲ್ಲಿ ಈ ಕಾಯಿಲೆ ಎಷ್ಟು ನಿಧಾನವೆಂದರೆ ವಂಶದ ರೋಗವೆಂದೇ ತೋರುತ್ತದೆ, ಆದರೆ ಚಿಕಿತ್ಸೆಗೆ ಬಗ್ಗುತ್ತದೆ. ಅತ್ತ ಡಿಸ್ಫರ್ಲಿನ್ ಕೊರತೆಯ ಬಯಾಪ್ಸಿಯಲ್ಲಿ ಉರಿಯೂತದ ಕೋಶಗಳು ಕಂಡು, ಪಾಲಿಮಯೋಸೈಟಿಸ್ ಎಂಬ ತಪ್ಪು ಹೆಸರಿನಲ್ಲಿ ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದವರಿದ್ದಾರೆ. ಅವರಿಗೆ ಆ ಔಷಧದಿಂದ ಉಪಯೋಗವಿಲ್ಲವೆಂದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ಖಚಿತಪಡಿಸಿತು. ಗುಣವಾಗುವ ರೋಗಕ್ಕೆ ಗುಣವಾಗದ ಹೆಸರು ಕೊಡುವುದೂ, ಗುಣವಾಗದ್ದಕ್ಕೆ ಗುಣವಾಗುವ ಹೆಸರು ಕೊಡುವುದೂ ಒಂದೇ ತೂಕದ ಅನ್ಯಾಯ.

ಬೆಂಗಳೂರಿನ ಕೆಲಸ

ಕನ್ನಡನಾಡಿನಲ್ಲಿ ಈ ವಿದ್ಯೆಯ ನೆಲೆ ನಿಮ್ಹಾನ್ಸ್. 1984ರಲ್ಲಿ ಅಲ್ಲಿನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು, ಒಂದೇ ಕೈ ಅಥವಾ ಒಂದೇ ಕಾಲು ಸೊರಗಿ ಕೆಲ ವರ್ಷಗಳಲ್ಲಿ ತಾನೇ ನಿಲ್ಲುವ ಸ್ಥಿತಿಗೆ ಮಾನೊಮೆಲಿಕ್ ಅಮಯೋಟ್ರೋಫಿ ಎಂದು ಹೆಸರಿಟ್ಟರು. ಅದು ಸ್ನಾಯುವಿನದಲ್ಲ, ನರಕೋಶದ ತೊಂದರೆ. ಆದರೆ ಜೀವ ತೆಗೆಯುವ ರೋಗವೇ ಬಂದಿತೆಂದು ಹೆದರಿದ್ದ ಹುಡುಗರಿಗೆ ಆ ಹೆಸರೇ ಧೈರ್ಯ ಕೊಟ್ಟಿತು.

ಆಮೇಲಿನ ದಶಕಗಳಲ್ಲಿ ಡಾ. ಎ. ನಳಿನಿ ಹೊರರೋಗಿ ವಿಭಾಗದಲ್ಲೂ ಡಾ. ಎನ್. ಗಾಯತ್ರಿ ಸ್ನಾಯುವಿನ ಪ್ರಯೋಗಾಲಯದಲ್ಲೂ ಕಟ್ಟಿದ ಕೆಲಸ ದೊಡ್ಡದು. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರುತ್ತದೆ, ಆದರೆ ತೊಡೆಯ ಮುಂಭಾಗ ಗಟ್ಟಿಯಾಗಿದೆ ಎನ್ನುವ ಯುವಜನರಲ್ಲಿ ಜಿಎನ್‌ಇ ರೋಗವನ್ನು ಗುರುತಿಸಿ, 2010ರಲ್ಲಿ 23 ಮಂದಿಯ ವಿವರ ಪ್ರಕಟಿಸಿದರು. 2013ರಲ್ಲಿ ಜಪಾನಿನವರ ಜೊತೆಗೂಡಿ ವಂಶವಾಹಿಯ ದೋಷಗಳನ್ನೂ ಪತ್ತೆ ಮಾಡಿದರು. 2017ರಲ್ಲಿ ನಿಮ್ಹಾನ್ಸ್ ತಂಡ ಡುಶೆನ್ ಮತ್ತು ಅದರ ಸೌಮ್ಯ ರೂಪವಾದ ಬೆಕರ್ ರೋಗದ 300ಕ್ಕೂ ಹೆಚ್ಚು ರೋಗಿಗಳ ವಂಶವಾಹಿ ಫಲಿತಾಂಶ ಕೊಟ್ಟಿತು. ಈಗ ಅದು ಬ್ರಿಟನ್, ಬ್ರೆಜಿಲ್, ದಕ್ಷಿಣ ಆಫ್ರಿಕಾ, ಟರ್ಕಿ, ಜಾಂಬಿಯಾಗಳೊಡನೆ ನರಸ್ನಾಯು ರೋಗಗಳ ಅಂತರರಾಷ್ಟ್ರೀಯ ಜೀನೋಮ್ ಕೂಟದಲ್ಲಿ ಪಾಲುದಾರ.

ರಾಬಿಗ್‌ನಿಂದ ನೋಡಿದರೆ

ಸೌದಿ ಅರೇಬಿಯಾದಲ್ಲಿ ಕೆಂಪು ಸಮುದ್ರದ ದಡದ ರಾಬಿಗ್, ತೈಲ ಸಂಸ್ಕರಣೆಯ ಊರು. ಜೆದ್ದಾದ ಕಿಂಗ್ ಅಬ್ದುಲಜೀಜ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜೊಂದು ಅಲ್ಲಿದೆ. ಕರಾವಳಿಯ ನಮ್ಮವರು ದುಡಿಯುವ ಆ ಸೀಮೆಯಲ್ಲೂ ರಕ್ತಸಂಬಂಧದ ಮದುವೆ ಮತ್ತು ವಂಶದ ರೋಗಗಳ ಪ್ರಶ್ನೆ ನಮ್ಮದೇ. ಸೌದಿಯಲ್ಲಿ ಮದುವೆಗಳ ಅರ್ಧಕ್ಕಿಂತ ಹೆಚ್ಚು ರಕ್ತಸಂಬಂಧದಲ್ಲಿ ನಡೆಯುತ್ತವೆಂದು 1990ರ ದಶಕದ ಸಮೀಕ್ಷೆ ಕಂಡಿತ್ತು. ಕರ್ನಾಟಕದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಇಂಥ ಮದುವೆ ನಾಲ್ಕರಲ್ಲೊಂದಕ್ಕಿಂತ ಹೆಚ್ಚು. ವ್ಯತ್ಯಾಸವಿರುವುದು ನೆಂಟಸ್ತಿಕೆಯ ಲೆಕ್ಕದಲ್ಲಿ. ಅರಬರಲ್ಲಿ ಮದುವೆಗೆ ಮೊದಲು ಕೇಳುವ ಹೆಣ್ಣು ಚಿಕ್ಕಪ್ಪನ ಮಗಳು. ನಮ್ಮ ಬಹುತೇಕ ಹಿಂದೂ ಮನೆಗಳಲ್ಲಿ ಅವಳು ತಂಗಿ. ನಮಗೆ ಸೋದರತ್ತೆ, ಸೋದರಮಾವನ ಮಕ್ಕಳು ಒಪ್ಪಿಗೆ, ಅಕ್ಕನ ಮಗಳೂ ಒಪ್ಪಿಗೆ. ವಂಶವಾಹಿಗೆ ಈ ಭೇದ ತಿಳಿಯದು. ಚಿಕ್ಕಪ್ಪನ ಮಗಳಾಗಲಿ ಸೋದರಮಾವನ ಮಗಳಾಗಲಿ, ಒಂದೇ ಪೂರ್ವಜರ ಒಂದೇ ಪ್ರತಿ ಎರಡೂ ಕಡೆಯಿಂದ ಮಗುವಿಗೆ ಬರುವ ಸಾಧ್ಯತೆ 16ರಲ್ಲಿ 1. ಅಕ್ಕನ ಮಗಳಾದರೆ 8ರಲ್ಲಿ 1. ಡಿಸ್ಫರ್ಲಿನ್, ಜಿಎನ್‌ಇ ಎರಡೂ ಹೀಗೆ ಜೋಡಿ ಪ್ರತಿ ಕೆಟ್ಟಾಗ ಬರುವ ರೋಗಗಳು.

ರಿಯಾದ್‌ನ ಕಿಂಗ್ ಸೌದ್ ವಿಶ್ವವಿದ್ಯಾಲಯದ ಮುಸ್ತಫಾ ಸಾಲಿಹ್ ಸುಡಾನಿ ಮನೆತನವೊಂದರಲ್ಲಿ ಸ್ನಾಯುವನ್ನೂ ಹೃದಯವನ್ನೂ ಹಿಡಿಯುವ ರೋಗವನ್ನು ವಿವರಿಸಿದರು. ಟೈಟಿನ್ ಎಂಬ ಪ್ರೋಟೀನಿನ ದೋಷ ಅದರ ಮೂಲವೆಂದು 2007ರಲ್ಲಿ ತಿಳಿಯಿತು. ಅದಕ್ಕೀಗ ಸಾಲಿಹ್ ಮಯೋಪತಿ ಎಂದೇ ಹೆಸರು. 2013ರಲ್ಲಿ ಸೌದಿ ಅರೇಬಿಯಾ ತನ್ನ ಜೀನೋಮ್ ಯೋಜನೆಯನ್ನೂ ಆರಂಭಿಸಿತು. ಮದುವೆಗೆ ಮುನ್ನ ರಕ್ತಪರೀಕ್ಷೆ ಅಲ್ಲಿ 2004ರಿಂದ ಕಡ್ಡಾಯವಾಗಿದೆ. ಸಿಕಲ್ ಸೆಲ್, ಥಲಸೇಮಿಯಾಗಳಿಗಾಗಿ ಅದು ಶುರುವಾಯಿತು.

ಮದ್ದು ಎಲ್ಲಿಗೆ ಬಂದಿದೆ

ಪಾಂಪೆ ಎಂಬ ವಂಶದ ಸ್ನಾಯುರೋಗಕ್ಕೆ 2006ರಲ್ಲಿ ಕಿಣ್ವ ಚಿಕಿತ್ಸೆ ಬಂತು. ಡುಶೆನ್‌ಗೆ 2016ರಲ್ಲಿ ಎಟೆಪ್ಲಿರ್ಸೆನ್ ಎಂಬ ಔಷಧ, 2023ರಲ್ಲಿ ವಂಶವಾಹಿ ಚಿಕಿತ್ಸೆ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಆದರೆ ಎರಡನೆಯದನ್ನು ಪಡೆದ, ನಡೆಯಲಾಗದ ಹುಡುಗರಿಬ್ಬರು ಯಕೃತ್ತು ಕೈಕೊಟ್ಟು ತೀರಿಕೊಂಡ ಸುದ್ದಿ 2025ರಲ್ಲಿ ಎಲ್ಲರನ್ನೂ ತಡೆದು ನಿಲ್ಲಿಸಿತು. ಉರಿಯೂತದ ಕಡೆ ಹಾದಿ ಹೆಚ್ಚು ಹಸನು: ಡರ್ಮಟೊಮಯೋಸೈಟಿಸ್‌ಗೆ ಇಮ್ಯುನೊಗ್ಲಾಬುಲಿನ್‌ನ ಗುಣವನ್ನು 2022ರಲ್ಲಿ ಪ್ರಕಟವಾದ ಪ್ರಯೋಗ ಸಾಬೀತು ಮಾಡಿತು.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ನಾಯುಕ್ಷಯವನ್ನು ಹೆಸರಿಸಿಯೇ ಸೇರಿಸಿದೆ. 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಡಿ ಬೆಂಗಳೂರಿನಲ್ಲೂ ಉತ್ಕೃಷ್ಟತಾ ಕೇಂದ್ರವಿದೆ. ಅಂಥ ಕೇಂದ್ರಗಳಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಜೀವನವಿಡೀ ಬೇಕಾದ ಔಷಧಕ್ಕೆ ಅದು ಸಾಲದು. ಆದರೂ ಈ ಎಲ್ಲ ಬಾಗಿಲುಗಳು ತೆರೆಯುವುದು ಕಾಗದದ ಮೇಲೆ ಖಚಿತವಾದ ಹೆಸರಿದ್ದವರಿಗೆ. ಆದ್ದರಿಂದ ಮಗು ಮೈ ಹತ್ತಿ ಎದ್ದರೆ, ಮಗನ ಚಪ್ಪಲಿ ಪದೇ ಪದೇ ಜಾರಿದರೆ, ಅಮ್ಮನ ಕೈ ತಲೆಯವರೆಗೆ ಏಳದಿದ್ದರೆ, ‘ನಿಶ್ಶಕ್ತಿ’ ಎಂಬ ಮಾತಿಗೆ ಸುಮ್ಮನಾಗಬೇಡಿ. ಯಾವ ರೋಗ, ಯಾವ ವಂಶವಾಹಿ, ಯಾವ ಪ್ರತಿಕಾಯ ಎಂದು ಕೇಳಿ. ಮೆರಿಯನ್‌ನಿಂದ ನಿಮ್ಹಾನ್ಸ್‌ವರೆಗೆ ಇಷ್ಟು ಜನ ದುಡಿದದ್ದು ಆ ಪ್ರಶ್ನೆಗೆ ಉತ್ತರ ಸಿಗಲಿ ಎಂದೇ.