ಒಂದು ಫ್ಲಾಪಿಯಲ್ಲಿ ಇಡೀ ಲಿನಕ್ಸ್: ಹಳೆ ಕಂಪ್ಯೂಟರ್‌ಗಳಿಗೆ ಮರುಜೀವ ಕೊಟ್ಟ ಕಥೆ



ಇಂದು ನಮ್ಮ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಸುಲಭವಾಗಿ ಮೂರು ನಾಲ್ಕು ಎಂಬಿ ಇರುತ್ತದೆ. ಹಿಂದೆ ಎಲ್ಲರೂ ಬಳಸುತ್ತಿದ್ದ ಮೂರೂವರೆ ಇಂಚಿನ ಫ್ಲಾಪಿ ಡಿಸ್ಕಿನಲ್ಲಿ ಹಿಡಿಯುತ್ತಿದ್ದದ್ದು 1.44 ಎಂಬಿ ಮಾತ್ರ. ನಮ್ಮಲ್ಲಿ ಚಿಕ್ಕವರು ಅದನ್ನು 'ಸೇವ್' ಬಟನ್ನಿನ ಚಿತ್ರವಾಗಿ ಮಾತ್ರ ನೋಡಿರಬಹುದು. ಆದರೆ ಆ ಪುಟ್ಟ ಡಿಸ್ಕಿನೊಳಗೆ ಒಂದು ಇಡೀ ಆಪರೇಟಿಂಗ್ ಸಿಸ್ಟಮ್ ತುಂಬಿಸಿ, ಹಾರ್ಡ್ ಡಿಸ್ಕೇ ಇಲ್ಲದ ಹಳೆಯ ಕಂಪ್ಯೂಟರ್‌ಗಳನ್ನು ಓಡಿಸಿದ ಕಾಲವೊಂದಿತ್ತು. ಅದರ ಕಥೆ ಈ ಸಲ.

ಫ್ಲಾಪಿಯಲ್ಲೇ ಆರಂಭ

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಅನ್ನು ಜಗತ್ತಿನ ಮುಂದಿಟ್ಟರು. ಆಗ ಅದನ್ನು ಪ್ರಯತ್ನಿಸಲು ಜನ ಬಳಸಿದ್ದು ಎರಡು ಫ್ಲಾಪಿಗಳನ್ನು. ಒಂದು 'ಬೂಟ್' ಫ್ಲಾಪಿ, ಅದರಲ್ಲಿ ಕರ್ನಲ್. ಇನ್ನೊಂದು 'ರೂಟ್' ಫ್ಲಾಪಿ, ಅದರಲ್ಲಿ ಅಗತ್ಯದ ಕೆಲವು ಪ್ರೋಗ್ರಾಂಗಳು.

ಮುಂದೆ ಡೆಬಿಯನ್ ತಂಡದ ಬ್ರೂಸ್ ಪೆರೆನ್ಸ್ ಅವರಿಗೆ ಎಲ್ಲವನ್ನೂ ಒಂದೇ ಫ್ಲಾಪಿಯಲ್ಲಿ ಹಿಡಿಸಬೇಕಾಯಿತು. ಲಿನಕ್ಸಿನಲ್ಲಿ ಫೈಲ್ ಪಟ್ಟಿ ತೋರಿಸಲು ಒಂದು ಪ್ರೋಗ್ರಾಂ, ನಕಲು ಮಾಡಲು ಇನ್ನೊಂದು, ಅಳಿಸಲು ಮತ್ತೊಂದು. ಒಂದೊಂದೂ ಪ್ರತ್ಯೇಕವಾಗಿದ್ದರೆ ಜಾಗ ಸಾಲದು. ಅವರು 1990ರ ದಶಕದ ಮಧ್ಯದಲ್ಲಿ ಇವನ್ನೆಲ್ಲ ಒಂದೇ ಪ್ರೋಗ್ರಾಂನಲ್ಲಿ ಸೇರಿಸಿ 'ಬ್ಯುಸಿಬಾಕ್ಸ್' ಬರೆದರು. ಯಾವ ಹೆಸರಿನಿಂದ ಕರೆದರೆ ಆ ಕೆಲಸ ಮಾಡುವ ಒಂದೇ ಆಳು ಎನ್ನಬಹುದು. ಸಮಾನವಾಗಿ ಬೇಕಾದ ಭಾಗಗಳನ್ನು ಒಮ್ಮೆ ಮಾತ್ರ ಬರೆದುದರಿಂದ ಜಾಗ ಉಳಿಯಿತು.

ಟಾಮ್ ಓಸರ್ ಎಂಬವರು ಇನ್ನೊಂದು ಉಪಾಯ ಮಾಡಿದರು. ಫ್ಲಾಪಿಯನ್ನೇ ಬೇರೆ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿ 1.44ರ ಬದಲು ಸುಮಾರು 1.7 ಎಂಬಿ ತುಂಬಿಸಿದರು. 'ಟಾಮ್ಸ್‌ಆರ್‌ಟಿಬಿಟಿ' ಎಂಬ ಅವರ ಫ್ಲಾಪಿ ಕೆಟ್ಟುನಿಂತ ಎಷ್ಟೋ ಕಂಪ್ಯೂಟರ್‌ಗಳನ್ನು ಎಬ್ಬಿಸಿದೆ.

ಟರ್ಮಿನಲ್ ಆದದ್ದು ಹೇಗೆ?

1990ರ ದಶಕದ ಕೊನೆಗೆ ಬಹಳ ಕಡೆ ಒಂದೇ ಸಮಸ್ಯೆ. 386, 486 ಕಂಪ್ಯೂಟರ್‌ಗಳು ಕೆಟ್ಟಿರಲಿಲ್ಲ, ಆದರೆ ಹೊಸ ಸಾಫ್ಟ್‌ವೇರ್ ಅವುಗಳಲ್ಲಿ ಓಡುತ್ತಿರಲಿಲ್ಲ. 4 ಅಥವಾ 8 ಎಂಬಿ ಮೆಮೊರಿಯಲ್ಲಿ ಏನು ಮಾಡಲು ಸಾಧ್ಯ? ಆಗ ಕೆಲವರು ಲೆಕ್ಕ ತಿರುಗಿಸಿದರು. ಹತ್ತು ಹೊಸ ಕಂಪ್ಯೂಟರ್ ಕೊಳ್ಳುವ ಬದಲು ಒಂದು ಒಳ್ಳೆಯ ಸರ್ವರ್ ಕೊಳ್ಳೋಣ. ನಿಜವಾದ ಕೆಲಸವೆಲ್ಲ ಅದರಲ್ಲಿ ನಡೆಯಲಿ. ಹಳೆಯವು ಪರದೆ, ಕೀಬೋರ್ಡ್, ಮೌಸ್ ಆಗಿ ಮಾತ್ರ ದುಡಿಯಲಿ.

ಫ್ಲಾಪಿ ಹಾಕಿ ಸ್ವಿಚ್ ಒತ್ತಿದರೆ ನಡೆಯುತ್ತಿದ್ದದ್ದು ಹೀಗೆ: ಮೊದಲು ಫ್ಲಾಪಿಯಿಂದ ಕರ್ನಲ್ ಮೆಮೊರಿಗೆ ಬರುತ್ತದೆ. ಬಳಿಕ ಮೆಮೊರಿಯಲ್ಲೇ ಒಂದು ಪುಟ್ಟ ಡಿಸ್ಕ್ ಸೃಷ್ಟಿಯಾಗಿ ಬ್ಯುಸಿಬಾಕ್ಸಿನಂತಹ ಉಪಕರಣಗಳು ಅಲ್ಲಿ ಕೂರುತ್ತವೆ. ನೆಟ್‌ವರ್ಕ್ ಕಾರ್ಡ್ ಎಚ್ಚರಗೊಂಡು, 'ನನ್ನ ವಿಳಾಸ ಯಾವುದು?' ಎಂದು ಸರ್ವರ್ ಅನ್ನು ಕೇಳುತ್ತದೆ. ವಿಳಾಸ ಸಿಕ್ಕಿದ ಮೇಲೆ ಲಾಗಿನ್ ಪರದೆ ಬರುತ್ತದೆ. ಅಕ್ಷರ ಮಾತ್ರ ಸಾಕಾದರೆ ಒಂದು ಫ್ಲಾಪಿ ಸಾಕು. ಚಿತ್ರ, ಮೌಸ್ ಬೇಕಾದರೆ ಎಕ್ಸ್ ವಿಂಡೋ ಬೇಕು. ಅದು ದೊಡ್ಡದಾದ್ದರಿಂದ ಸಾಮಾನ್ಯವಾಗಿ ಇನ್ನೊಂದು ಫ್ಲಾಪಿಯಿಂದ ಅಥವಾ ನೆಟ್‌ವರ್ಕಿನಿಂದ ತರಬೇಕಿತ್ತು.

'ಈಥರ್‌ಬೂಟ್' ಬಂದ ಮೇಲೆ ಫ್ಲಾಪಿಯ ಕೆಲಸ ಇನ್ನೂ ಹಗುರವಾಯಿತು. ಫ್ಲಾಪಿಯಲ್ಲಿ ಕೆಲವೇ ಹತ್ತು ಕಿಲೋಬೈಟ್‌ಗಳ ಒಂದು ಪ್ರೋಗ್ರಾಂ ಇದ್ದರೆ ಸಾಕು, ಕರ್ನಲ್ ಸಮೇತ ಉಳಿದದ್ದೆಲ್ಲ ಕೇಬಲ್ ಮೂಲಕ ಸರ್ವರ್‌ನಿಂದಲೇ ಬರುತ್ತಿತ್ತು. ಫ್ಲಾಪಿ ಬರೀ ಬಾಗಿಲಿನ ಬೀಗದ ಕೈ ಆಯಿತು. 1999ರಲ್ಲಿ ಅಮೆರಿಕದ ಜಿಮ್ ಮ್ಯಾಕ್ವಿಲನ್ ಆರಂಭಿಸಿದ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ ಈ ಎಲ್ಲ ಕೆಲಸವನ್ನು ಒಂದು ಕಟ್ಟಾಗಿ ಕಟ್ಟಿಕೊಟ್ಟಿತು. ಹಣ ಕಡಿಮೆ ಇದ್ದ ಶಾಲೆಗಳಿಗೆ ಇದು ಬಹಳ ಉಪಕಾರವಾಯಿತು.

ತೊಂದರೆಗಳೂ ಇದ್ದವು. ಸರ್ವರ್ ನಿಂತರೆ ಇಡೀ ಕೋಣೆ ನಿಂತಂತೆ. ಆ ಕಾಲದ ಕೋಆಕ್ಸಿಯಲ್ ಕೇಬಲ್ ಒಂದು ಕಡೆ ಕಳಚಿದರೆ ಸಾಲಿನ ಯಾವ ಕಂಪ್ಯೂಟರಿಗೂ ನೆಟ್‌ವರ್ಕ್ ಇಲ್ಲ. ಫ್ಲಾಪಿಯಂತೂ ಧೂಳಿಗೆ, ತೇವಕ್ಕೆ ಹಾಳಾಗುವ ವಸ್ತು. ನಮ್ಮ ಕರಾವಳಿಯ ಮಳೆಗಾಲದ ಬೂಸ್ಟು ಅದಕ್ಕೆ ದೊಡ್ಡ ಶತ್ರು.

ಬೆಂಗಳೂರಿನ ಪಾತ್ರ

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಸೆಕೆಂಡಿಗೆ 28.8 ಕಿಲೋಬಿಟ್ ವೇಗದ ಮೋಡೆಮ್ಮಿನಲ್ಲಿ ಒಂದು ಸಿಡಿಯಷ್ಟು, ಅಂದರೆ 650 ಎಂಬಿ ಲಿನಕ್ಸ್ ಇಳಿಸಲು ಎಲ್ಲೂ ನಿಲ್ಲದೆ 50 ಗಂಟೆ ಬೇಕು! ಈ ಕಷ್ಟಕ್ಕೆ ದಾರಿ ತೋರಿಸಿದವರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಮುಖ್ಯರು. ಅವರ ಪ್ರಯತ್ನದಿಂದ 'ಪಿಸಿಕ್ವೆಸ್ಟ್' ಪತ್ರಿಕೆ 1996ರಲ್ಲಿ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿಯನ್ನೇ ಕೊಟ್ಟಿತು. ಸಿಡಿಯಿಂದ ನೇರ ಬೂಟ್ ಆಗುವ ಕಂಪ್ಯೂಟರ್‌ಗಳು ಆಗ ವಿರಳ, ಆದ್ದರಿಂದ ಅಲ್ಲೂ ಮೊದಲು ಬೇಕಾದದ್ದು ಬೂಟ್ ಫ್ಲಾಪಿಯೇ. ಬೆಂಗಳೂರಿನಲ್ಲಿ 2001ರಿಂದ ನಡೆದ ಲಿನಕ್ಸ್ ಸಮ್ಮೇಳನ ಮುಂದೆ 'ಫಾಸ್ ಡಾಟ್ ಇನ್' ಎಂದು ಹೆಸರಾಯಿತು. ಚಿಟ್ನಿಸ್ 2013ರಲ್ಲಿ ತೀರಿಕೊಂಡರು.

ನಮ್ಮ ಶಾಲೆಗಳಿಗೆ ಬಂದದ್ದು

ನಮ್ಮ ಕೇರಳದಲ್ಲಿ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಶುರುವಾಯಿತು. ಅದೇ ವರ್ಷ ರಿಚರ್ಡ್ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದಾಗ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಭಾರತ ಶಾಖೆಯೂ ಉದ್ಘಾಟನೆಯಾಯಿತು. ಕೆಲವೇ ವರ್ಷಗಳಲ್ಲಿ ಸರಕಾರಿ ಹಾಗೂ ಅನುದಾನಿತ ಶಾಲೆಗಳು ಲಿನಕ್ಸಿಗೆ ಬದಲಾದವು. ನಮ್ಮ ಶಾಲೆಗಳವು ಫ್ಲಾಪಿ ಟರ್ಮಿನಲ್‌ಗಳಲ್ಲ, ಪೂರ್ಣ ಕಂಪ್ಯೂಟರ್‌ಗಳು. ಆದರೆ ಹಿಂದಿನ ಲೆಕ್ಕ ಅದೇ: ಕಡಿಮೆ ಖರ್ಚಿನಲ್ಲಿ ಹೆಚ್ಚು ಮಕ್ಕಳಿಗೆ. ಯೋಜನೆ 2017ರಲ್ಲಿ 'ಕೈಟ್' ಸಂಸ್ಥೆಯಾಯಿತು. ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳಲ್ಲಿ ಹೊಸ ಆವೃತ್ತಿ ಹಾಕುವುದರಿಂದ ಸುಮಾರು 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು 2019ರಲ್ಲಿ ಅದು ಅಂದಾಜು ಮಾಡಿತು.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಮುಕ್ತ ಸಾಫ್ಟ್‌ವೇರನ್ನು ಯಾರ ಅನುಮತಿಯೂ ಇಲ್ಲದೆ ನಮ್ಮ ಭಾಷೆಗೆ ತರಬಹುದು. ಇದು ಮಾರುವವನಿಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆಯೇ ಇಲ್ಲ. ಮಾಡಲು ಮನಸ್ಸಿರುವ ನಾಲ್ಕು ಜನ ಸಾಕು.

ಇಂದಿಗೇನು?

ಫ್ಲಾಪಿಯ ಕಾಲ ಮುಗಿಯಿತು. ಸೋನಿ ಕಂಪನಿ 2011ರಲ್ಲಿ ಅದರ ಮಾರಾಟ ನಿಲ್ಲಿಸಿತು. 386ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಲಿನಕ್ಸ್ 2012ರಲ್ಲಿ ತೆಗೆದುಹಾಕಿತು. ಆದರೆ ಫ್ಲಾಪಿಗಾಗಿ ಹುಟ್ಟಿದ ಬ್ಯುಸಿಬಾಕ್ಸ್ ಇಂದಿಗೂ ಜಗತ್ತಿನ ಅಸಂಖ್ಯಾತ ವೈಫೈ ರೂಟರ್‌ಗಳೊಳಗೆ ಕೆಲಸ ಮಾಡುತ್ತಿದೆ. ನಿಮ್ಮ ಮನೆಯ ರೂಟರಿನಲ್ಲೂ ಇರುವ ಸಾಧ್ಯತೆ ಹೆಚ್ಚು.

ಹಳೆಯ ಪ್ರಶ್ನೆಯೂ ತಿರುಗಿ ಬಂದಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಕೆಡದಿದ್ದರೂ ವಿಂಡೋಸ್ 11 ಹಾಕಲಾಗದ ಲ್ಯಾಪ್‌ಟಾಪ್‌ಗಳು ಈಗ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಗುಜರಿಗೆ ಹಾಕಿದರೆ ಅದರೊಳಗಿನ ಸೀಸದಂತಹ ವಿಷ ಮಣ್ಣಿಗೆ, ಬಾವಿಯ ನೀರಿಗೆ ಸೇರಬಹುದು. ಅದೇ ಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕಿದರೆ ಓದುವ ಒಂದು ಮಗುವಿಗೆ ಇನ್ನೂ ಕೆಲವು ವರ್ಷ ಉಪಯೋಗವಾದೀತು. 4 ಎಂಬಿ ಮೆಮೊರಿಯ ಯಂತ್ರವನ್ನು ಅಂದಿನವರು ಬಿಸಾಡಲಿಲ್ಲ. ನಮ್ಮ ಬಳಿ ಇರುವುದು ಅದರ ಸಾವಿರ ಪಟ್ಟು, 4 ಜಿಬಿ!

ಆದ್ದರಿಂದ ಮಿತ್ರರೇ, ಹಳೆಯ ಲ್ಯಾಪ್‌ಟಾಪ್ ಕೊಟ್ಟುಬಿಡುವ ಮೊದಲು ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿ ಬೂಟ್ ಮಾಡಿ ನೋಡಿ. ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಪರೀಕ್ಷಿಸಬಹುದು. ಓಡಿದರೆ, ನಿಮ್ಮ ಫೋಟೋ, ದಾಖಲೆಗಳನ್ನು ಬೇರೆಡೆ ಇಟ್ಟುಕೊಂಡು, ಡಿಸ್ಕ್ ಪೂರ್ತಿ ಅಳಿಸಿ ಲಿನಕ್ಸ್ ಹಾಕಿ. ಆಮೇಲೆ ನಿಮ್ಮ ವಾರ್ಡಿನಲ್ಲಿ ಅದು ಯಾರಿಗೆ ಬೇಕಾಗಿದೆ ಎಂದು ಕೇಳಿ. ಹಾಕಲು ಗೊತ್ತಿಲ್ಲದವರು ಭಾನುವಾರ ಪೂಜೆಯ ಬಳಿಕ ನಮ್ಮ ಯುವಕ ಯುವತಿಯರ ಹತ್ತಿರ ತನ್ನಿ, ಒಟ್ಟಿಗೆ ಕುಳಿತು ಮಾಡೋಣ.