ರೆಜಾಂಗ್ ಲಾ: ಹಿಮ ನುಡಿದ ಸಾಕ್ಷಿ

ಯುದ್ಧದಲ್ಲಿ ಮಡಿದವನನ್ನು ಲೋಕ ಹುತಾತ್ಮನೆಂದು ಕರೆಯುತ್ತದೆ. ಗೆದ್ದು ಬಂದವನಿಗೆ ಮಾಲೆ ಹಾಕುತ್ತದೆ. ಆದರೆ ಸಂಗಡಿಗರೆಲ್ಲ ಸತ್ತು, ಸೋತ ಯುದ್ಧದಿಂದ ತಾನೊಬ್ಬನೇ ಬದುಕಿ ಬಂದವನನ್ನು ಏನೆಂದು ಕರೆಯಬೇಕು? ಅವನಿಗೆ ಎದುರಾಗುವುದು ಮಾಲೆಯಲ್ಲ, ಪ್ರಶ್ನೆ: ‘ಅವರೆಲ್ಲ ಸತ್ತರು, ನೀನು ಹೇಗೆ ಉಳಿದೆ?’

1962ರ ಚಳಿಗಾಲದಲ್ಲಿ ಲಡಾಖಿನ ರೆಜಾಂಗ್ ಲಾದಿಂದ ಇಳಿದು ಬಂದ ಬೆರಳೆಣಿಕೆಯ ಸೈನಿಕರು ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಅವರ ಬಳಿ ಉತ್ತರವಿತ್ತು, ಸಾಕ್ಷಿ ಇರಲಿಲ್ಲ. ಸಾಕ್ಷಿಗಳೆಲ್ಲ ಹಿಮದಡಿ ಮಲಗಿದ್ದರು.

ಲಡಾಖಿ ಭಾಷೆಯಲ್ಲಿ ‘ಲಾ’ ಎಂದರೆ ಕಣಿವೆದಾರಿ, ಬೆಟ್ಟಗಳ ನಡುವಿನ ಗಂಡಿ. ಚುಶೂಲ್ ಬಯಲಿಗೆ ಆಗ್ನೇಯ ದಿಕ್ಕಿನಿಂದ ಬರುವ ದಾರಿಯನ್ನು ಕಾಯುವ ರೆಜಾಂಗ್ ಲಾ ಸಮುದ್ರಮಟ್ಟದಿಂದ 16,000 ಅಡಿಗೂ ಎತ್ತರದಲ್ಲಿದೆ. ಚುಶೂಲಿನಲ್ಲಿ ವಿಮಾನ ಇಳಿಯುವ ನೆಲವಿತ್ತು. ಅಕ್ಟೋಬರಿನಲ್ಲಿ ಎಎಂಎಕ್ಸ್ ಟ್ಯಾಂಕುಗಳನ್ನು ವಿಮಾನದಲ್ಲಿಯೇ ಅಲ್ಲಿಗೆ ತಂದು ಇಳಿಸಲಾಗಿತ್ತು. ಚುಶೂಲ್ ಕೈಬಿಟ್ಟರೆ ಲೇಹ್‌ನ ದಾರಿ ಶತ್ರುವಿಗೆ ತೆರೆದಂತೆ ಎಂಬ ಆತಂಕ ಸೇನೆಗಿತ್ತು.

ಈ ಗಂಡಿಯ ಕಾವಲಿಗೆ ನಿಂತದ್ದು 13ನೆಯ ಕುಮಾವ್ ಬೆಟಾಲಿಯನ್ನಿನ ಚಾರ್ಲಿ ಕಂಪೆನಿ. ಕೊಡಗಿನ ಜನರಲ್ ತಿಮ್ಮಯ್ಯನವರು ಸೇವೆ ಸಲ್ಲಿಸಿ ಹೆಸರು ಗಳಿಸಿದ ರೆಜಿಮೆಂಟೂ ಇದೇ ಕುಮಾವ್. ಕಂಪೆನಿಯಲ್ಲಿದ್ದ ಸುಮಾರು 120 ಜನರಲ್ಲಿ ಬಹುತೇಕರು ಇಂದಿನ ಹರಿಯಾಣದ ರೇವಾಡಿ, ಗುಡಗಾಂವ್, ಮಹೇಂದ್ರಗಢ ಕಡೆಯ ಅಹೀರರು. ಬಿಸಿಲುನಾಡಿನ ರೈತರ ಮಕ್ಕಳು. ಹಿಮವನ್ನು ಕಂಡು ಬೆಳೆದವರಲ್ಲ. ಅವರ ನಾಯಕ ಮೇಜರ್ ಶೈತಾನ್ ಸಿಂಗ್ ಜೋಧಪುರದ ಮರುಭೂಮಿಯವರು. ಮೈಮೇಲೆ ಆ ಚಳಿಗೆ ತಕ್ಕ ಬಟ್ಟೆಯಿರಲಿಲ್ಲ. ಕೈಯಲ್ಲಿದ್ದದ್ದು ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ ಹಳೆಯ .303 ಬಂದೂಕು. ಮರಗಟ್ಟಿದ ಬೆರಳುಗಳಿಂದ ಅದನ್ನು ಎಳೆಯುವುದು ಎಷ್ಟು ಕಷ್ಟವಾಗಿತ್ತೆಂಬುದನ್ನು ಬದುಕಿ ಬಂದವರು ದಶಕಗಳ ನಂತರವೂ ಮರೆತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ನೆಲದ್ದೇ ಆಗಿತ್ತು. ಹಿಂದಿದ್ದ ಭಾರತದ ಫಿರಂಗಿಗಳಿಗೂ ರೆಜಾಂಗ್ ಲಾಕ್ಕೂ ನಡುವೆ ಒಂದು ಬೆಟ್ಟದ ಏಣು ಅಡ್ಡವಾಗಿತ್ತು. ಫಿರಂಗಿಯ ನೆರವು ಸಿಗುವಂತಿರಲಿಲ್ಲ. ಕಾದಾಡಿದರೆ ಆ ಕಂಪೆನಿ ಒಂಟಿಯಾಗಿಯೇ ಕಾದಾಡಬೇಕಿತ್ತು.

ನವೆಂಬರ್ 18ರ ಭಾನುವಾರ, ಬೆಳಗಾಗುವ ಮುನ್ನ ಚೀನೀ ಪಡೆ ಹಳ್ಳಗಳ ಗುಂಟ ಮೇಲೇರತೊಡಗಿತು. ಕಾದು ಕುಳಿತಿದ್ದವರು ಶತ್ರು ಹತ್ತಿರ ಬಂದ ಮೇಲೆಯೇ ಗುಂಡು ಹಾರಿಸಿದರು. ಮೊದಲ ಅಲೆ ಮುರಿಯಿತು. ಮತ್ತೆ ಅಲೆ ಬಂತು. ಎದುರಿನಿಂದ ಏರುವುದು ದುಬಾರಿಯೆಂದು ತಿಳಿದಾಗ ಚೀನೀಯರು ಭಾರೀ ಗುಂಡಿನ ಸುರಿಮಳೆಗರೆದು, ಬಳಸಿಕೊಂಡು ಹಿಂದಿನಿಂದ ಬಂದರು. ಮೇಜರ್ ಒಂದು ತುಕಡಿಯಿಂದ ಇನ್ನೊಂದಕ್ಕೆ ಓಡಾಡುತ್ತ ಹುರಿದುಂಬಿಸುತ್ತಿದ್ದರು. ಗಾಯಗೊಂಡ ಮೇಲೂ ಅವರು ನಿಲ್ಲಲಿಲ್ಲ. ಹೊತ್ತೊಯ್ಯಲು ಬಂದ ಸೈನಿಕರಿಗೆ, ತಮ್ಮನ್ನು ಅಲ್ಲಿಯೇ ಬಿಟ್ಟು ಹೋಗುವಂತೆ ಆಜ್ಞಾಪಿಸಿದರು. ಸೈನಿಕರು ಅವರನ್ನು ಒಂದು ಬಂಡೆಯ ಮರೆಯಲ್ಲಿ ಇರಿಸಿದರು.

ಆ ದಿನ 110ಕ್ಕೂ ಹೆಚ್ಚು ಮಂದಿ ಸತ್ತರು. ಕೆಲವರು ಗಾಯಗೊಂಡು ಸೆರೆಯಾದರು. ಇನ್ನು ಕೆಲವರು ಹೇಗೋ ಕೆಳಗಿನ ನೆಲೆ ತಲುಪಿದರು.

ಅವರು ಹೇಳಿದ್ದನ್ನು ನಂಬುವ ಕಾಲ ಅದಾಗಿರಲಿಲ್ಲ. ಅದೇ ದಿನಗಳಲ್ಲಿ ದೇಶದ ಇನ್ನೊಂದು ತುದಿಯಲ್ಲಿ, ನೇಫಾದಲ್ಲಿ, ಸೇ ಲಾ ಮತ್ತು ಬೊಮ್ದಿಲಾ ಕೈತಪ್ಪಿದ್ದವು. ಎಲ್ಲೆಡೆ ಹಿಮ್ಮೆಟ್ಟಿದ ಸುದ್ದಿ. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನ ನಿಲ್ಲಿಸಿದಾಗ ದೇಶ ಅವಮಾನದಲ್ಲಿ ಮುಳುಗಿತ್ತು. ಇಂಥ ಹೊತ್ತಿನಲ್ಲಿ, ಒಂದು ಕಂಪೆನಿ ಕೊನೆಯ ಗುಂಡಿನವರೆಗೆ ನೆಲ ಬಿಡದೆ ಹೋರಾಡಿತೆಂದರೆ ಅದು ಓಡಿಬಂದವರು ಕಟ್ಟಿದ ಕಥೆಯಂತೆಯೇ ಕೇಳಿಸಿತು. ಮೇಲಧಿಕಾರಿಗಳು ಅನುಮಾನಪಟ್ಟರು. ಊರಿನಲ್ಲಿಯೂ ಹೇಡಿಗಳೆಂಬ ಪಿಸುಮಾತು ಕೇಳಬೇಕಾಯಿತೆಂದು ಆ ಸೈನಿಕರು ಮುಂದೆ ನೆನಪಿಸಿಕೊಂಡಿದ್ದಾರೆ. ಗುಂಡಿನ ಗಾಯ ಮಾಯಿತು. ಆ ಮಾತಿನ ಗಾಯ ಮಾಯಲಿಲ್ಲ.

1963ರ ಫೆಬ್ರುವರಿಯಲ್ಲಿ ಲಡಾಖಿನ ಕುರಿಗಾಹಿಯೊಬ್ಬ ರೆಜಾಂಗ್ ಲಾದತ್ತ ಹೋದ. ಅವನು ಕಂಡದ್ದನ್ನು ಕೇಳಿ ಸೇನೆಯ ತಂಡ ಮೇಲೇರಿತು. ಅಲ್ಲಿ ಮೂರು ತಿಂಗಳ ಹಿಂದಿನ ಆ ಬೆಳಗು ಹಾಗೆಯೇ ಹೆಪ್ಪುಗಟ್ಟಿ ನಿಂತಿತ್ತು. ಕಂದಕಗಳಲ್ಲಿ ಸೈನಿಕರು ಬಂದೂಕು ಹಿಡಿದಂತೆಯೇ ಇದ್ದರು. ಗಾಯಾಳುಗಳ ಶುಶ್ರೂಷೆಗಿದ್ದ ಧರಂಪಾಲ್ ದಹಿಯಾ ಅವರ ಕೈಯಲ್ಲಿ ಸಿರಿಂಜ್ ಇನ್ನೂ ಇತ್ತು. ಬಂಡೆಯ ಬಳಿ ಮೇಜರ್ ಇದ್ದರು. ಒಟ್ಟು 96 ದೇಹಗಳು ದೊರೆತವು. ಮೇಜರ್ ಅವರ ದೇಹವನ್ನು ಜೋಧಪುರಕ್ಕೆ ಒಯ್ಯಲಾಯಿತು. ಉಳಿದವರ ಅಂತ್ಯಕ್ರಿಯೆ ಚುಶೂಲಿನಲ್ಲಿಯೇ ನಡೆಯಿತು.

ಬಯಲುಸೀಮೆಯ ಯುದ್ಧವಾಗಿದ್ದರೆ ಮಳೆ, ಮಣ್ಣು, ಹದ್ದುಗಳು ಸೇರಿ ಆ ಪುರಾವೆಯನ್ನು ಅಳಿಸಿಬಿಡುತ್ತಿದ್ದವು. ಸೈನಿಕರ ಬೆರಳುಗಳನ್ನು ಮರಗಟ್ಟಿಸಿದ ಆ ಚಳಿಯೇ ಅವರ ಮಾತನ್ನೂ ಕಾಪಾಡಿತು. ಬದುಕಿದವರ ಬಾಯಿಮಾತಿಗೆ ಸಿಗದ ನಂಬಿಕೆ ಸತ್ತವರ ಮೌನಕ್ಕೆ ಸಿಕ್ಕಿತು. ಮೇಜರ್ ಶೈತಾನ್ ಸಿಂಗ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಕಂಪೆನಿಗೆ ಎಂಟು ವೀರ ಚಕ್ರ, ನಾಲ್ಕು ಸೇನಾ ಪದಕಗಳು ಬಂದವು.

ಆದರೂ ಈ ಕದನ ಬಹುಕಾಲ ಸೈನಿಕರ ಕೂಟಗಳಲ್ಲಿ, ಹರಿಯಾಣದ ಹಳ್ಳಿಗಳಲ್ಲಿ ಉಳಿದಷ್ಟು ದೇಶದ ಮನಸ್ಸಿನಲ್ಲಿ ಉಳಿಯಲಿಲ್ಲ. ಸೋತ ಯುದ್ಧವನ್ನು ಒಟ್ಟಾಗಿ ಮರೆಯುವುದು ಸುಲಭ. ಹಾಗೆ ಮರೆಯುವಾಗ ಅದರೊಳಗಿನ ಶೌರ್ಯವೂ ಮರೆತುಹೋಗುತ್ತದೆ. 2020ರ ಆಗಸ್ಟಿನಲ್ಲಿ ಚುಶೂಲಿನ ಎತ್ತರಗಳಲ್ಲಿ ಎರಡೂ ಸೇನೆಗಳು ಮತ್ತೆ ಎದುರುಬದುರಾದಾಗ ರೆಜಾಂಗ್ ಲಾ ಹೆಸರು ಪತ್ರಿಕೆಗಳಿಗೆ ಮರಳಿತು. ಮರುವರ್ಷ, ಕದನದ ದಿನದಂದೇ, ಅಲ್ಲಿ ನವೀಕರಿಸಿದ ಸ್ಮಾರಕ ತೆರೆಯಿತು.

ಮುದಿ ಸೈನಿಕರ ನೆನಪುಗಳು ಎಲ್ಲ ವಿವರಗಳಲ್ಲಿ ಹೊಂದುವುದಿಲ್ಲ. ಮೇಜರ್ ಅವರನ್ನು ಎಷ್ಟು ದೂರ ಹೊತ್ತು ತಂದರು, ಅವರ ಕೊನೆಯ ಮಾತೇನು ಎಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುವುದುಂಟು. ಗುಂಡು, ಹೊಗೆ, ನೆತ್ತರಿನ ನಡುವೆ ಯಾರೂ ದಿನಚರಿ ಬರೆಯಲಾರರು. ಆದರೆ ಮುಖ್ಯ ಮಾತಿನಲ್ಲಿ, ಯಾರೂ ನೆಲ ಬಿಟ್ಟು ಓಡಲಿಲ್ಲ ಎಂಬುದರಲ್ಲಿ, ಅವರ ನೆನಪು ಸುಳ್ಳಾಗಿರಲಿಲ್ಲ.

ಅದನ್ನು ಒಪ್ಪಲು ಲೋಕಕ್ಕೆ ಮೂರು ತಿಂಗಳು ಮತ್ತು 96 ದೇಹಗಳು ಬೇಕಾದವು. ಹಿಮವಿಲ್ಲದ ಎಷ್ಟೋ ರಣಭೂಮಿಗಳಿಂದ ಒಂಟಿಯಾಗಿ ಮರಳಿದವರ ಪರವಾಗಿ ಸಾಕ್ಷಿ ಹೇಳುವವರು ಯಾರು?